ಕೋರೆಹಲ್ಲು ನೋಡಿ ಊಟ ಹೇಳಲಾಗದು

ಮಾನ್ಯರೇ,

ಮನುಷ್ಯ ಹುಟ್ಟಾ ಮಾಂಸಾಹಾರಿಯೋ ಸಸ್ಯಾಹಾರಿಯೋ ಎಂಬ ಜಗಳ ವಾಚಕರ ಅಂಕಣದಲ್ಲಿ ಜೋರಾಗಿದೆ. ಮಾಂಸಾಹಾರಿ ಎನ್ನುವವರು ಕೋರೆಹಲ್ಲು ತೋರಿಸುತ್ತಾರೆ, ಸಸ್ಯಾಹಾರಿ ಎನ್ನುವವರು ಕರುಳಿನ ಉದ್ದ ಅಳೆಯುತ್ತಾರೆ. ಎರಡೂ ಅರ್ಧಂಬರ್ಧ ಮಾತು. ಎಲೆ, ಕಾಂಡ ತಿಂದು ಬದುಕುವ ಗೊರಿಲ್ಲಾದ ಕೋರೆಹಲ್ಲಿನ ಮುಂದೆ ನಮ್ಮದು ಏನೇನೂ ಅಲ್ಲ. ಇನ್ನು ಕರುಳು. ಗೊರಿಲ್ಲಾ, ಚಿಂಪಾಂಜಿಗಳಿಗೆ ದೊಡ್ಡ ಕರುಳಿನ ಪಾಲು ಜಾಸ್ತಿ, ನಮಗೆ ಸಣ್ಣ ಕರುಳಿನದ್ದು. ಸುಮ್ನೆ ಸೊಪ್ಪು ಮೆಲ್ಲುತ್ತಾ ಕೂರುವ ಹೊಟ್ಟೆ ಇದಲ್ಲ.

ಹಾಗಂತ ಬೆಕ್ಕಿನ ಹೊಟ್ಟೆಯೂ ಅಲ್ಲ. ಬೆಕ್ಕಿನ ದೇಹ ವಿಟಮಿನ್ ಸಿಯನ್ನು ತಾನೇ ಮಾಡಿಕೊಳ್ಳುತ್ತದೆ, ನಮಗೆ ಅದು ಊಟದಿಂದಲೇ ಬರಬೇಕು. ಎಂಜಲಿನಲ್ಲಿ ಪಿಷ್ಟ ಕರಗಿಸುವ ಅಮೈಲೇಸ್ ಎಂಬ ಕಿಣ್ವದ ಜೀನ್ ಚಿಂಪಾಂಜಿಯಲ್ಲಿ 2 ಪ್ರತಿ ಇದ್ದರೆ, ನಮ್ಮಲ್ಲಿ ಸರಾಸರಿ 6ರ ಆಸುಪಾಸು. ಗಂಜಿ ಊಟದವರಿಗೆ ಇದು ಖುಷಿಯ ಸುದ್ದಿ!

ದಕ್ಷಿಣ ಆಫ್ರಿಕಾದ ಪಿನಾಕಲ್ ಪಾಯಿಂಟ್ ಗುಹೆಯಲ್ಲಿ ಸುಮಾರು 1,64,000 ವರ್ಷಗಳ ಹಿಂದೆ ಜನ ಚಿಪ್ಪುಮೀನು ತಿಂದ ಗುರುತು ಸಿಕ್ಕಿದೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ, ಅದೇ ದೇಶದ ಬಾರ್ಡರ್ ಕೇವ್‌ನಲ್ಲಿ ಗೆಡ್ಡೆ ಸುಟ್ಟು ತಿಂದಿದ್ದಾರೆ. ಮರುವಾಯಿ ಪುಂಡಿ (ಚಿಪ್ಪುಮೀನಿನ ಸಾರಿನಲ್ಲಿ ಅಕ್ಕಿ ಕಡುಬು) ಉಣ್ಣುವ ನಮ್ಮೂರಿನವರಿಗೆ ಇದರಲ್ಲಿ ಅಚ್ಚರಿ ಏನಿದೆ?

ಈ ಜಗಳದಲ್ಲಿ ಒಲೆಯ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ. ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಕೆಸುವಿನ ಎಲೆಯ ಪತ್ರೊಡೆ ಮಾಡುವವರನ್ನು ಕೇಳಿ. ಕೆಸುವಿನ ಎಲೆ ಹಸಿಯಾಗಿ ಬಾಯಿಗಿಟ್ಟರೆ ಗಂಟಲೆಲ್ಲ ತುರಿಕೆ. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಅದಕ್ಕೇ ದಂಟು, ನಾರು ತೆಗೆದು, ಹುಳಿ ಬೆರೆಸಿದ ಅಕ್ಕಿ ಮಸಾಲೆ ಹಚ್ಚಿ, ಸುರುಳಿ ಸುತ್ತಿ, ಹಬೆಯಲ್ಲಿ ಚೆನ್ನಾಗಿ ಬೇಯಿಸುವುದು. ಬೆಂಕಿ ಮಾಂಸವನ್ನೂ ಮೆತ್ತಗೆ ಮಾಡಿತು, ಗೆಡ್ಡೆಯನ್ನೂ ಮಾಡಿತು. ನಮ್ಮ ಹಲ್ಲು, ದವಡೆ ಚಿಕ್ಕದಾಗಿದ್ದರಲ್ಲಿ ಕಲ್ಲಿನ ಹತಾರ ಮತ್ತು ಒಲೆಯ ಪಾಲು ದೊಡ್ಡದು ಎಂಬ ವಾದವೇ ನನಗೆ ಸರಿ ಕಾಣುತ್ತದೆ.

ಆದ್ದರಿಂದ ಮಲ್ಪೆಯ ಬಂಗುಡೆ ತಿನ್ನುವವರಾಗಲಿ, ಮಟ್ಟುಗುಳ್ಳ ಬದನೆಯ ಹುಳಿಯಲ್ಲಿ ಉಣ್ಣುವವರಾಗಲಿ, ತಮ್ಮ ತಟ್ಟೆಗೆ ಆದಿಮಾನವನ ಸಾಕ್ಷಿ ಕರೆಯುವುದು ಬೇಡ. ಪ್ರಾಣಿಗಳನ್ನು ಕೊಲ್ಲಬಾರದು ಅನ್ನುವುದಿದ್ದರೆ ಅದನ್ನೇ ಹೇಳಿ, ಕೇಳೋಣ. ಅದಕ್ಕೆ ಕರುಳಿನ ಉದ್ದ ಯಾಕೆ?

ಒಂದು ವಿಷಯ ಮಾತ್ರ ಸಸ್ಯಾಹಾರಿಗಳು ತಳ್ಳಿಹಾಕುವಂತಿಲ್ಲ. ಬಿ12 ವಿಟಮಿನ್ ಸೊಪ್ಪು, ತರಕಾರಿ, ಕಾಳುಗಳಿಂದ ಸಿಗದು. ಹಾಲು, ಮೊಸರಿನಲ್ಲಿ ಒಂದಿಷ್ಟು ಇದೆ. ಅದನ್ನೂ ಬಿಟ್ಟವರು ಮಾತ್ರೆಯನ್ನೋ, ಬಿ12 ಸೇರಿಸಿದ ಆಹಾರವನ್ನೋ ತೆಗೆದುಕೊಳ್ಳಲೇಬೇಕು. ಕೊರತೆಯಾದರೆ ರಕ್ತಹೀನತೆ ಬರಬಹುದು, ಕೈಕಾಲು ಜೋಮು ಹಿಡಿಯಬಹುದು. ಮೆಡಿಕಲ್ ಕಾಲೇಜುಗಳಿಗೆ ಬರವಿಲ್ಲದ ಜಿಲ್ಲೆಗಳು ನಮ್ಮವು. ಈ ಬಗ್ಗೆ ವೈದ್ಯರೊಬ್ಬರಿಂದ ಲೇಖನ ಬರೆಸಿ.

– ಓದುಗ, ಕಟಪಾಡಿ