‘ಅಪರಿಚಿತ ಶವ’ಕ್ಕೆ ಎರಡೇ ಸಾಲೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪತ್ತೇದಾರಿ ಸರಣಿಗಳ ಬಗ್ಗೆ ಬಂದ ಲೇಖನ ಓದಿದೆ. ಸ್ವೀಡನ್ನಿನ ಮಾರ್ಟಿನ್ ಬೆಕ್ ಸರಣಿಯ ಮೊದಲ ಕಾದಂಬರಿ ‘ರೋಸಾನ್ನಾ’ (1965) ತೀರಾ ನಿಧಾನ, ಎರಡನೆಯದರಿಂದ ಶುರು ಮಾಡಿದರೂ ನಷ್ಟವಿಲ್ಲ ಎಂದು ಲೇಖಕರು ಕೈತೊಳೆದುಕೊಂಡಿದ್ದಾರೆ. ನಾನು ಮಂಡ್ಯ ಜಿಲ್ಲೆಯ ಠಾಣೆಗಳಲ್ಲಿ ಮೂವತ್ತು ವರ್ಷ ದುಡಿದವನು, ಬಹುಪಾಲು ಸ್ಟೇಷನ್ ರೈಟರ್ ಆಗಿ, ಅಂದರೆ ಠಾಣೆಯ ದಾಖಲೆ ಬರೆಯುವವನಾಗಿ. ಮಗಳು ಕೊಟ್ಟ ಇಂಗ್ಲಿಷ್ ಅನುವಾದವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ತಿಂಗಳು ಓದಿದೆ. ನನಗೇನೂ ನಿಧಾನ ಅನ್ನಿಸಲಿಲ್ಲ.

ಕತೆ ಶುರುವಾಗುವುದು ಜುಲೈ 8ರ ಮಧ್ಯಾಹ್ನ, ಯೋತಾ ಕಾಲುವೆಯ ಬೋರೆನ್‌ಷುಲ್ಟ್ ಎಂಬಲ್ಲಿ. ಹೂಳೆತ್ತುವ ಯಂತ್ರದ ಬಾಯಲ್ಲಿ ಕೆಸರಿನ ಜೊತೆ ಹೆಣ್ಣಿನ ಶವ ಬರುತ್ತದೆ. ಮೈಮೇಲೆ ನೂಲಿನೆಳೆಯೂ ಇಲ್ಲ. ಸ್ಟಾಕ್‌ಹೋಮ್‌ನಿಂದ ಪೊಲೀಸ್ ಅಧಿಕಾರಿ ಬೆಕ್ ಬರುತ್ತಾನೆ. ಸಿಗರೇಟಿನ ಬೂದಿ ನೋಡಿ ಕೊಲೆಗಾರನ ಊರು ಹೇಳುವ ಪೈಕಿಯಲ್ಲ. ಸದಾ ನೆಗಡಿ, ಹೊಟ್ಟೆನೋವು, ಬಿಡುವಾದರೆ ಹಡಗಿನ ಮಾದರಿ ಕಟ್ಟುತ್ತಾ ಕೂರುವ ಮನುಷ್ಯ. ಸತ್ತವಳು ಯಾರು ಎಂದು ತಿಳಿಯುವುದಕ್ಕೇ ತಿಂಗಳುಗಟ್ಟಲೆ ಬೇಕಾಗುತ್ತದೆ. ಕೊನೆಗೆ ಉತ್ತರ ಬರುವುದು ಅಮೆರಿಕದ ನೆಬ್ರಾಸ್ಕಾದಲ್ಲಿರುವ ಲಿಂಕನ್‌ನಿಂದ. ಅಲ್ಲಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದ ರೋಸಾನ್ನಾ ಎಂಬ ಹೆಣ್ಣುಮಗಳು, ಪ್ರವಾಸಕ್ಕೆಂದು ಬಂದು ಕಾಲುವೆಯ ಹಡಗು ಹತ್ತಿದ್ದಳು. ಆಮೇಲೆ ಶುರು ನಿಜವಾದ ಕೂಲಿ: ದೇಶದೇಶಕ್ಕೆ ಚದುರಿಹೋದ ಸಹಪ್ರಯಾಣಿಕರಿಂದ ಫೋಟೋ ತರಿಸಿ ಒಂದೊಂದೇ ನೋಡುವುದು.

ನಮ್ಮ ಠಾಣೆಯ ಸರಹದ್ದಿನಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹಾದಿತ್ತು. ಮೇಲೆಲ್ಲೋ ಬಿದ್ದ ಶವ ನಮ್ಮ ತೂಬಿನ ಹತ್ತಿರ ಬಂದು ಸಿಕ್ಕಿಕೊಳ್ಳುತ್ತಿತ್ತು. (ಮೇಲಿನ ಠಾಣೆಯವರು ಕೋಲು ಹಾಕಿ ನಮ್ಮ ಕಡೆ ತಳ್ಳುತ್ತಾರೆ ಎಂಬುದು ಠಾಣೆಯ ಹಳೇ ತಮಾಷೆ.) ಆಗ ಅಂದಿನ ಸಿಆರ್‌ಪಿಸಿ 174ನೇ ಕಲಮಿನಡಿ ಯುಡಿಆರ್ (ಅಸಹಜ ಸಾವಿನ ವರದಿ) ಹಾಕಿ, ಪಂಚರನ್ನು (ಸಾಕ್ಷಿಗಳನ್ನು) ಕರೆಸಿ, ಮಹಜರು ಬರೆಯಬೇಕಿತ್ತು: ‘ಎಣ್ಣೆಗೆಂಪು ಮೈಬಣ್ಣ, ಕೋಲುಮುಖ, ಸಾಧಾರಣ ಮೈಕಟ್ಟು.’ ಅರ್ಧ ಜಿಲ್ಲೆಗೆ ಒಪ್ಪುವ ಚಹರೆ. ಒಂದು ಸಲ ಸಿಕ್ಕ ಹುಡುಗನ ಶರ್ಟಿನ ಕಾಲರಿನಲ್ಲಿ ಟೈಲರ್ ಲೇಬಲ್ ಇತ್ತು, ಅಕ್ಷರ ಮುಕ್ಕಾಲು ಅಳಿಸಿತ್ತು. ನಮ್ಮ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬರು ಶರ್ಟು ಒಣಗಿಸಿ, ಕವರಿಗೆ ಹಾಕಿಕೊಂಡು ನಾಲ್ಕು ಊರಿನ ಟೈಲರ್ ಅಂಗಡಿ ಸುತ್ತಿದರು. ಹನ್ನೊಂದನೇ ದಿನ ಒಬ್ಬ ಮುದುಕ ಟೈಲರು ಲೇಬಲನ್ನು ನೋಡಲೇ ಇಲ್ಲವಂತೆ. ಗುಂಡಿಯ ಕಾಜಾ ತಿರುವಿ ನೋಡಿ, ‘ಇದು ನಮ್ಮ ಹುಡುಗನ ಕೈ ಸಾರ್’ ಅಂದರಂತೆ. ಅಷ್ಟು ಹೊತ್ತಿಗೆ ಶವ ಹೂತು ಆರು ದಿನವಾಗಿತ್ತು. ತಾಯಿ ಬಂದು ಆ ಶರ್ಟು ಮಡಚಿ ಸೆರಗಿನೊಳಗೆ ಇಟ್ಟುಕೊಂಡು ಹೋದರು. ಸಹಿ ಹಾಕಿಸಿಕೊಂಡವನು ನಾನೇ.

ರೋಸಾನ್ನಾಗೆ ಕಾಲರೂ ಇರಲಿಲ್ಲ.

ಬರೆದವರು ಇಬ್ಬರು, ಮಾಯ್ ಷೋವಾಲ್ ಮತ್ತು ಪೆರ್ ವಾಲೋ. ಪತ್ರಕರ್ತರು, ಬಾಳಸಂಗಾತಿಗಳು; ಮಕ್ಕಳು ಮಲಗಿದ ಮೇಲೆ ಕೂತು ಬರೆಯುತ್ತಿದ್ದರಂತೆ. ಹತ್ತು ಕಾದಂಬರಿಗೆ 1975ರಲ್ಲಿ ಸರಣಿ ಮುಗಿಯಿತು, ವಾಲೋ ತೀರಿಕೊಂಡದ್ದೂ ಅದೇ ವರ್ಷ. ಒಂದು ತಕರಾರು ನನಗೂ ಇದೆ. ಕೊನೆಯಲ್ಲಿ ಕೊಲೆಗಾರನನ್ನು ಹಿಡಿಯಲು ಹೂಡುವ ಉಪಾಯಕ್ಕೆ ನಾನು ಕಂಡ ಯಾವ ಸಾಹೇಬರೂ ಒಪ್ಪಿಗೆ ಕೊಡುತ್ತಿರಲಿಲ್ಲ. ಅದೇನೆಂದು ಹೇಳಿದರೆ ಓದದವರಿಗೆ ಮೋಸ.

ಇನ್ನು ನಿಮಗೇ ಒಂದು ಮಾತು. ಮೊದಲೆಲ್ಲ ಜಿಲ್ಲಾ ಪುಟದಲ್ಲಿ ‘ಅಪರಿಚಿತ ಶವ ಪತ್ತೆ’ ಎಂದು ಬಂದರೆ ಎತ್ತರ, ಹಚ್ಚೆ, ಉಡುಪು, ಉಡಿದಾರ ಎಲ್ಲ ಇರುತ್ತಿತ್ತು. ಕಳೆದ ಮಂಗಳವಾರ ಬಂದದ್ದು ಎರಡು ಸಾಲು. ಗಂಡಸು, ವಯಸ್ಸು ಸುಮಾರು 35, ನಾಲೆಯಲ್ಲಿ. ಠಾಣೆಯವರು ಕಳಿಸಿದ ಪ್ರಕಟಣೆಯಲ್ಲಿ ಶರ್ಟಿನ ಬಣ್ಣ ಇದ್ದೇ ಇರುತ್ತದೆ, ಎಷ್ಟೋ ವರ್ಷ ಅದನ್ನು ಬರೆದು ಕಳಿಸಿದವನೇ ನಾನು. ದಯವಿಟ್ಟು ಅದನ್ನು ಹುಡುಕಿ ಇನ್ನೊಮ್ಮೆ ಹಾಕಿ.

– ನಿವೃತ್ತ ಎಎಸ್‌ಐ, ಮಂಡ್ಯ