ವರ್ಷಕ್ಕೊಬ್ಬ ದೂತ ಸಾಲದು

ಮಾನ್ಯ ಸಂಪಾದಕರೇ,

ಮ್ಯಾನ್ಮಾರ್ ವಿಷಯದಲ್ಲಿ ಆಗ್ನೇಯ ಏಷ್ಯಾ ದೇಶಗಳ ಆಸಿಯಾನ್ ಒಕ್ಕೂಟ ಕಳವಳ ಹೇಳಿಕೊಳ್ಳುವುದರಲ್ಲೇ ವರ್ಷಗಳನ್ನು ಕಳೆದಿದೆ. ಒತ್ತಡ ಹಾಕುವ ಶಕ್ತಿ ಅದಕ್ಕಿದೆ, ಬಳಸುತ್ತಿಲ್ಲ. ಇದು ನನ್ನ ದೂರು.

2021ರ ಫೆಬ್ರುವರಿ 1ರಂದು ಅಲ್ಲಿನ ಸೇನೆ ಅಧಿಕಾರ ಕಿತ್ತುಕೊಂಡಿತು. ಏಪ್ರಿಲ್ 24ರಂದು ಜಕಾರ್ತಾದಲ್ಲಿ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಅವರನ್ನೂ ಕೂರಿಸಿಕೊಂಡು ಆಸಿಯಾನ್ ನಾಯಕರು ಐದು ಅಂಶಗಳನ್ನು ಒಪ್ಪಿದರು. ಹಿಂಸೆ ನಿಲ್ಲಬೇಕು, ಮಾತುಕತೆ ನಡೆಯಬೇಕು, ಜನರಿಗೆ ನೆರವು ಸಿಗಬೇಕು, ಆಸಿಯಾನ್ ದೂತರೊಬ್ಬರು ಮಧ್ಯಸ್ಥಿಕೆ ವಹಿಸಬೇಕು, ಅವರು ಅಲ್ಲಿಗೆ ಹೋಗಿ ಎಲ್ಲ ಕಡೆಯವರನ್ನೂ ಕಾಣಬೇಕು. ಆದರೆ ಬ್ರೂನೈ ದೇಶದವರಾದ ಮೊದಲ ದೂತರು, ಸೇನೆ ಬಂಧಿಸಿಟ್ಟಿದ್ದ ನಾಯಕಿ ಆಂಗ್ ಸಾನ್ ಸೂಕಿಯವರನ್ನು ನೋಡಬೇಕೆಂದಾಗ ಸೇನೆ ಬಿಡಲೇ ಇಲ್ಲ. 2022ರ ಜೂನ್‌ನಲ್ಲಿ, ಆಗ ಆಸಿಯಾನ್ ಅಧ್ಯಕ್ಷರಾಗಿದ್ದ ಕಾಂಬೋಡಿಯಾದ ಹುನ್ ಸೇನ್, ವಿರೋಧಿಗಳಿಗೆ ಮರಣದಂಡನೆ ಬೇಡ ಎಂದು ಸೇನಾ ಮುಖ್ಯಸ್ಥರಿಗೆ ಪತ್ರ ಬರೆದು ಕೇಳಿಕೊಂಡರು. ಜುಲೈನಲ್ಲಿ ಸೇನೆ ನಾಲ್ವರನ್ನು ಕೊಂದೇಬಿಟ್ಟಿತು. ಅವರಲ್ಲೊಬ್ಬರು ಮಾಜಿ ಸಂಸದ ಫ್ಯೋ ಝೇಯಾ ಥಾ, ಹಿಂದೆ ಹಿಪ್‌ಹಾಪ್ ಹಾಡುತ್ತಿದ್ದವರು.

ಅಧ್ಯಕ್ಷತೆ ಬದಲಾದಂತೆ ದೂತರೂ ಬದಲಾಗುತ್ತಾರೆ. ಬ್ರೂನೈ ಆಯಿತು, ಕಾಂಬೋಡಿಯಾ ಆಯಿತು, ಆಮೇಲೆ ಇಂಡೋನೇಷ್ಯಾ, ಲಾವೋಸ್, ಮಲೇಷ್ಯಾ. ಅಲ್ಲಿನ ಬಣಗಳ ಪರಿಚಯ ಆಗುವಷ್ಟರಲ್ಲಿ ವರ್ಷ ಮುಗಿದಿರುತ್ತದೆ. ಸೇನೆ ಸುಮ್ನೆ ಕಾದರೆ ಸಾಕು, ಅಲ್ವಾ?

ಪಶ್ಚಿಮ ಆಫ್ರಿಕಾದ ಎಕೊವಾಸ್ ಒಕ್ಕೂಟ 2017ರ ಜನವರಿಯಲ್ಲಿ ಬೇರೆ ದಾರಿ ಹಿಡಿದಿತ್ತು. ಗ್ಯಾಂಬಿಯಾದ ಯಾಹ್ಯಾ ಜಾಮ್ಮೆ ಚುನಾವಣೆ ಸೋತರೂ ಕುರ್ಚಿ ಬಿಡಲಿಲ್ಲ. ಒಕ್ಕೂಟ ಗಡುವು ಕೊಟ್ಟಿತು, ಪಡೆ ಕಳಿಸಿತು, ಮಾತುಕತೆಯನ್ನೂ ಬಿಡಲಿಲ್ಲ. ಜಾಮ್ಮೆ ದೇಶ ಬಿಟ್ಟರು. ಮ್ಯಾನ್ಮಾರ್ ಅಷ್ಟು ಚಿಕ್ಕ ದೇಶವಲ್ಲ, ಅಲ್ಲಿಗೆ ಪಡೆ ಕಳಿಸಿ ಎಂದು ನಾನು ಹೇಳುವುದಿಲ್ಲ. ಆದರೆ 2021ರ ಅಕ್ಟೋಬರ್ ಶೃಂಗಸಭೆಗೆ ಸೇನಾ ಮುಖ್ಯಸ್ಥರನ್ನು ಕರೆಯದೆ ಹೊರಗಿಟ್ಟದ್ದು ಇದೇ ಆಸಿಯಾನ್. ಮನಸ್ಸು ಮಾಡಿದರೆ ಆಗುತ್ತದೆ.

ಕೆಲವು ವರ್ಷ ಒಬ್ಬರೇ ಇರುವಂಥ ದೂತರನ್ನು ನೇಮಿಸಲಿ. ಅವರು ಸೇನೆಯ ಅಪ್ಪಣೆಗೆ ಕಾಯದೆ, ಅದನ್ನು ವಿರೋಧಿಸುವ ರಾಷ್ಟ್ರೀಯ ಏಕತಾ ಸರ್ಕಾರದವರ ಜೊತೆ, ಗಡಿಭಾಗದ ಸಮುದಾಯಗಳ ಸಂಘಟನೆಗಳ ಜೊತೆ ಬಹಿರಂಗವಾಗಿ ಮಾತಾಡಲಿ. ಥಾಯ್ಲೆಂಡ್ ಗಡಿಯಿಂದ ಔಷಧ, ಅಕ್ಕಿ ನೇರವಾಗಿ ಒಳಗೆ ಹೋಗಲಿ.

ಇದು ನಮಗೂ ಸಂಬಂಧಿಸಿದ ವಿಷಯ. ಮ್ಯಾನ್ಮಾರ್‌ನ ಚಿನ್ ರಾಜ್ಯದಿಂದ ತಿಯಾವು ನದಿ ದಾಟಿ ಬಂದ ಸಾವಿರಾರು ಕುಟುಂಬಗಳಿಗೆ ಮಿಜೋರಾಮಿನ ಜನ ಮನೆ, ಅನ್ನ ಎರಡನ್ನೂ ಕೊಟ್ಟಿದ್ದಾರೆ. ಆಸಿಯಾನ್ ನಾಯಕರ ಜೊತೆ ಪ್ರತಿ ವರ್ಷ ಶೃಂಗಸಭೆ ನಡೆಸುವ ನಮ್ಮ ಸರ್ಕಾರ ವ್ಯಾಪಾರದ ಮಾತಿನ ಜೊತೆಗೆ ಈ ದೂತರ ವಿಷಯವನ್ನೂ ಎತ್ತಲಿ.

– ಒಬ್ಬ ಓದುಗ, ಶಿವಮೊಗ್ಗ