ದುಬೈ ದೂರವಿಲ್ಲ, ಬೆಂಗಳೂರೇ ದೂರ

ಮಾನ್ಯ ಸಂಪಾದಕರೇ,

‘ಬೆಂಗಳೂರಿನಿಂದ ದುಬೈಗೆ ಬರೀ ನಾಲ್ಕು ತಾಸು’ ಎಂಬ ಮಾತು ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಲೆಕ್ಕ ಸರಿಯೇ ಇದೆ. ಎರಡೂ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 2,700 ಕಿ.ಮೀ. ಆದರೆ ಅದು ದೇವನಹಳ್ಳಿಯಲ್ಲಿ ನಿಂತವರ ಲೆಕ್ಕ. ಹುಬ್ಬಳ್ಳಿಯಲ್ಲಿ ಟಿಕೆಟ್ ಕಾಯ್ದಿರಿಸುವ ಸಣ್ಣ ಕಚೇರಿ ನಡೆಸುವ ನನ್ನ ಬಳಿಗೆ ಬರುವವರು ಹಾನಗಲ್, ಸವಣೂರು, ರೋಣ, ಲಕ್ಷ್ಮೇಶ್ವರದ ಕಡೆಯವರು. ಕೊಲ್ಲಿ ದೇಶಗಳಲ್ಲಿ ವಾಹನ ಓಡಿಸಿ, ವೆಲ್ಡಿಂಗ್ ಮಾಡಿ ಮನೆಗೆ ಹಣ ಕಳಿಸುವವರು.

ಹಾವೇರಿಯ ಹುಡುಗನೊಬ್ಬ ರಾತ್ರಿ ಬಸ್ ಹತ್ತಿದರೆ ಬೆಂಗಳೂರಿಗೆ ಸುಮಾರು 340 ಕಿ.ಮೀ., ಆರೇಳು ತಾಸು. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಇನ್ನೂ ಒಂದೂವರೆ ತಾಸು. ವಿಮಾನ ಹೊರಡುವ ಮೂರು ತಾಸು ಮುಂಚೆಯೇ ನಿಲ್ದಾಣದಲ್ಲಿರಬೇಕು. ಆ ನಾಲ್ಕು ತಾಸು ಶುರುವಾಗುವುದು ಇದೆಲ್ಲ ಮುಗಿದ ಮೇಲೆ.

ಕಚೇರಿಯ ಮೇಜಿನ ಮೇಲಿರುವ ಭೂಗೋಳದಲ್ಲಿ ಬೆಂಗಳೂರಿನಿಂದ ದುಬೈಗೆ ದಾರ ಬಿಗಿಹಿಡಿದು ನೋಡಿದೆ. ದಾರ ನಮ್ಮ ಸೀಮೆಯ ಮೇಲೆಯೇ ಹಾಯುತ್ತದೆ! ಅಕ್ಷಾಂಶ, ರೇಖಾಂಶ ಹಿಡಿದು ಲೆಕ್ಕ ಹಾಕಿದರೆ ಆ ನೇರ ರೇಖೆ ಹಾವೇರಿಯಿಂದ ಸುಮಾರು 15 ಕಿ.ಮೀ., ಹುಬ್ಬಳ್ಳಿಯಿಂದ ಸುಮಾರು 50 ಕಿ.ಮೀ. ಅಂತರದಲ್ಲಿ ಸಾಗುತ್ತದೆ. ಗಾಳಿ ಮತ್ತು ಸಂಚಾರ ನಿಯಂತ್ರಣಕ್ಕೆ ತಕ್ಕಂತೆ ವಿಮಾನ ಅತ್ತಿತ್ತ ಸರಿಯಬಹುದು, ಅದು ಬೇರೆ ಮಾತು. ನಮ್ಮ ಹುಡುಗರು ರಾತ್ರಿಯಿಡೀ ಆಗ್ನೇಯಕ್ಕೆ ಹೋಗುತ್ತಾರೆ, ಬೆಳಿಗ್ಗೆ ಅದೇ ನೆಲದ ಮೇಲೆ ವಾಯವ್ಯಕ್ಕೆ ಹಾರುತ್ತಾರೆ. ಹುಬ್ಬಳ್ಳಿಯಿಂದಲೇ ಹಾರಿದರೆ ದುಬೈ ಸುಮಾರು 2,300 ಕಿ.ಮೀ., ಹೆಚ್ಚುಕಡಿಮೆ ಮೂರೂವರೆ ತಾಸಿನ ಹಾದಿ.

ಟಿಕೆಟ್‌ನಲ್ಲಿ ಅಚ್ಚಾಗುವ ವೇಳೆಯಿಂದಲೂ ಗೊಂದಲವಾಗುತ್ತದೆ. ಶಿಗ್ಗಾವಿಯ ತಾಯಿಯೊಬ್ಬರು ಮಗನ ಟಿಕೆಟ್ ಮೇಲೆ ಬೆರಳಿಟ್ಟು, ‘ಹತ್ತಕ್ಕೆ ಬಿಟ್ಟು ಹನ್ನೆರಡೂವರೆಗೆ ಮುಟ್ಟುತ್ತಾನೆ’ ಎಂದು ಸಮಾಧಾನದಿಂದ ಹೋದರು. ಒಂದು ಗಂಟೆಯಾದರೂ ಫೋನ್ ಬರದಿದ್ದಾಗ ಗಾಬರಿಯಿಂದ ನನಗೆ ಕರೆ ಮಾಡಿದರು. ಹೊರಡುವ ವೇಳೆ ನಮ್ಮದು, ತಲುಪುವ ವೇಳೆ ದುಬೈಯದು. ಅಲ್ಲಿಯ ಗಡಿಯಾರ ಒಂದೂವರೆ ತಾಸು ಹಿಂದೆ. ಮರಳುವಾಗ ಟಿಕೆಟ್ ನೋಡಿದರೆ ಐದು ತಾಸಿನ ಪ್ರಯಾಣವೆನ್ನಿಸುತ್ತದೆ. ನಿಜಕ್ಕೂ ಪಶ್ಚಿಮದ ಗಾಳಿ ಹಿಂದಿನಿಂದ ತಳ್ಳುವುದರಿಂದ ಬರುವಾಗಲೇ ಸಾಮಾನ್ಯವಾಗಿ ಬೇಗ. ಈಗ ಪ್ರತಿ ಟಿಕೆಟ್ ಮೇಲೂ ಹಾರಾಟದ ಅವಧಿಯನ್ನು ನಾನೇ ಕನ್ನಡದಲ್ಲಿ ಬರೆದು ಕೊಡುತ್ತೇನೆ. ವಿಮಾನ ಸಂಸ್ಥೆಗಳೇ ಅದನ್ನು ಕನ್ನಡದಲ್ಲಿ ಅಚ್ಚು ಮಾಡಬೇಕು.

ಮಂಗಳೂರಿನಿಂದ ದುಬೈಗೆ 2006ರಲ್ಲೇ ವಿಮಾನ ಹಾರಿತು. ಅದಕ್ಕೆ ಅಂತರರಾಷ್ಟ್ರೀಯ ನಿಲ್ದಾಣವೆಂಬ ಪಟ್ಟ ಸಿಕ್ಕಿದ್ದು ಆಮೇಲೆ, 2012ರಲ್ಲಿ. ಪಟ್ಟಕ್ಕಾಗಿ ಕಾಯದೆ ಕಸ್ಟಮ್ಸ್ ಮತ್ತು ವಲಸೆ ತಪಾಸಣೆಯ ವ್ಯವಸ್ಥೆ ಮಾಡಿಕೊಟ್ಟದ್ದರಿಂದ ಅದು ಸಾಧ್ಯವಾಯಿತು. ಹುಬ್ಬಳ್ಳಿಯಲ್ಲಿ ಹೊಸ ಟರ್ಮಿನಲ್‌ಗೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಈ ಎರಡು ತಪಾಸಣೆಗಳಿಗೆ ಅದರಲ್ಲಿ ಜಾಗ ಮೀಸಲಿಡಬೇಕೆಂದು ನಮ್ಮ ಭಾಗದ ಸಂಸದರು ಈಗಲೇ ಪಟ್ಟು ಹಿಡಿಯಬೇಕು. ಕಟ್ಟಡ ಎದ್ದ ಮೇಲೆ ಗೋಡೆ ಒಡೆಯುವ ಕೆಲಸ ಬೇಡ. ಮೊದಲಿಗೆ ವಾರಕ್ಕೆ ಎರಡು ವಿಮಾನಗಳಾದರೂ ಸಾಕು. ಅಲ್ಲಿಯವರೆಗೆ, ಹುಬ್ಬಳ್ಳಿಯಲ್ಲಿ ಒಪ್ಪಿಸಿದ ಲಗೇಜನ್ನು ದುಬೈಯಲ್ಲಿ ಪಡೆಯುವಂಥ ಒಂದೇ ಟಿಕೆಟ್ ಕೊಡಲಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ವಿಮಾನದ ವೇಳೆಯನ್ನು ದುಬೈ ವಿಮಾನಕ್ಕೆ ಹೊಂದಿಸಲಿ.

– ಟಿಕೆಟ್ ಬುಕಿಂಗ್ ಕಚೇರಿಯ ಓದುಗ, ಕೇಶ್ವಾಪುರ, ಹುಬ್ಬಳ್ಳಿ